ತೂತು ಮುಚ್ಚಿದ ಗೋಡೆ

ಗೋಡೆಗೂ ಹೊಟ್ಟೆ ಬರುತ್ತದೆ. ಗಜೇಂದ್ರಗಡದಿಂದ ಗುಡ್ಡ ಹತ್ತುವ ಹೆದ್ದಾರಿಯಲ್ಲಿ ನಮ್ಮ ಮನೆಯವರು ದಿನಗೂಲಿ ಗ್ಯಾಂಗಮನ್ ಆಗಿದ್ದರು. ಗೋಡೆಯ ಹೊಟ್ಟೆಯನ್ನು ನನಗೆ ತೋರಿಸಿಕೊಟ್ಟವರು ಅವರೇ. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಮೇಲಿನ ಮಣ್ಣು ಕೆಳಗಿಳಿಯದಂತೆ ಕಲ್ಲಿನ ತಡೆಗೋಡೆ ಕಟ್ಟಿರುತ್ತಾರೆ. ಗೋಡೆಯ ಹಿಂದಿನ ಮಣ್ಣಿನಲ್ಲಿ ನೀರು ನಿಂತರೆ ಗೋಡೆಯ ನಡು ಮುಂದಕ್ಕೆ ಉಬ್ಬುತ್ತದೆ. ದೂರದಿಂದ ಅದು ಕಾಣುವುದಿಲ್ಲ. ಗೋಡೆಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಬೇಕು. ಹಾಗೆ ನೋಡಿ ಬಂದ ದಿನ ಅವರು ಊಟಕ್ಕೆ ಕೂತಾಗ, “ಮ್ಯಾಲಿನ ತಿರುವಿನಾಗಿಂದು ಬಸರಾಗೇತಿ” ಎಂದು ಹೇಳಿ ನಗುತ್ತಿದ್ದರು. ಆಗ ನಾನೂ ನಗುತ್ತಿದ್ದೆ.

ನಾನು ಮತ್ತು ನನ್ನ ನೆಗೆಣ್ಣಿ ಅದೇ ಗ್ಯಾಂಗಿನಲ್ಲಿ ಬುಟ್ಟಿ ಹೊರಲು ಹೋಗುತ್ತಿದ್ದೆವು. ನೆಗೆಣ್ಣಿ ಎಂದರೆ ನಮ್ಮ ಮನೆಯವರ ಅಣ್ಣನ ಹೆಂಡತಿ. ನನಗಿಂತ ದೊಡ್ಡವಳು, ನಾನು ಯಕ್ಕಾ ಎಂದು ಕರೆಯುತ್ತೇನೆ. ಗುಡ್ಡದ ಬುಡದ ಊರಲ್ಲಿ ನಮ್ಮದು ಒಂದೇ ಮನೆ, ಒಂದೇ ಒಲೆ. ನನ್ನ ಮಗ, ಸೊಸೆ, ಮೊಮ್ಮಕ್ಕಳು ರೋಣದಲ್ಲಿದ್ದಾರೆ. ಮಗನಿಗೆ ಅಲ್ಲಿ ಬಜಾರದಲ್ಲಿ ಕೆಲಸ, ಹಬ್ಬಕ್ಕೆ ಬಂದು ಹೋಗುತ್ತಾರೆ. ನೆಗೆಣ್ಣಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಅವಳನ್ನು ಸೂಡಿಗೆ ಕೊಟ್ಟಿದೆ.

ರಸ್ತೆ ಕಾಯುವ ಕೆಲಸ ಎಂದರೆ ಡಾಂಬರು ಹಾಕುವುದು ಎಂದು ಮಂದಿ ತಿಳಿಯುತ್ತಾರೆ. ಗುಡ್ಡದ ರಸ್ತೆಯಲ್ಲಿ ಡಾಂಬರಿಗಿಂತ ಮಗ್ಗುಲಿನ ಗುಡ್ಡವನ್ನೇ ಹೆಚ್ಚು ಕಾಯಬೇಕು. ಮುಂಗಾರಿನ ಮಿರಗದ ಮಳೆಗೆ ಮೊದಲು ಗುಡ್ಡದ ನೆತ್ತಿಗೆ ಹೋಗಿ ಅಲ್ಲಿನ ಗಟಾರದ ಹೂಳು ತೆಗೆಯಬೇಕು, ಇಲ್ಲದಿದ್ದರೆ ಮೇಲಿನ ನೀರೆಲ್ಲ ಗೋಡೆಯ ಬೆನ್ನಿಗೇ ಇಳಿಯುತ್ತದೆ. ಅಲುಗಾಡುವ ಬಂಡೆ ಕಂಡರೆ ಎರಡೂ ಕಡೆ ಕೆಂಪು ಬಟ್ಟೆ ಹಿಡಿದು ಬಸ್ಸು ನಿಲ್ಲಿಸಿ, ಹಾರೆ ಹಾಕಿ ಅದನ್ನು ನಾವೇ ಕೆಡವಬೇಕು. ಕಲ್ಲಿನ ಸಂದಿಯಲ್ಲಿ ಆಲದ ಸಸಿ, ಬಸರಿಯ ಸಸಿ ಹುಟ್ಟಿದರೆ ಎರಡೆಲೆ ಇದ್ದಾಗಲೇ ಕಿತ್ತು ಬಿಸಾಕಬೇಕು. ಹೆಣ್ಣುಮಕ್ಕಳು ಬಿಸಿಲಲ್ಲಿ ಬಂಡೆ ಉರುಳಿಸುವುದನ್ನು ನೋಡಿ ಬಸ್ಸಿನ ಕಿಟಕಿಯಿಂದ ಯಾರಾದರೂ ಏನಾದರೂ ಅನ್ನುತ್ತಿದ್ದರು. ಒಮ್ಮೆ ಒಬ್ಬ ಕಂಡಕ್ಟರ್, “ಲಗೂ ಮಾಡ್ರಬೇ, ಟೈಮ್ ಆತು” ಎಂದ. ನೆಗೆಣ್ಣಿ, “ಬಂಡಿ ನಿನ್ನ ಬಸ್ಸಿನ ಮ್ಯಾಲ ಕೆಡವಲೇನೋ ತಮ್ಮಾ? ಆಗ ಟೈಮೇ ನೋಡೂದ ಬ್ಯಾಡ ನೋಡು” ಎಂದಳು. ಬಸ್ಸೆಲ್ಲ ನಕ್ಕಿತು. ಅವಳು ಹಾಗೆ ಇದ್ದವಳು.

ಇನ್ನು ತೂತುಗಳು. ಗೋಡೆಯ ಮೈಯಲ್ಲಿ ಸಾಲು ಸಾಲು ತೂತು ಇರುತ್ತವೆ. ಒಳಗಿನ ನೀರು ಹೊರಗೆ ಬರಲಿ ಎಂದು ಕಟ್ಟುವಾಗಲೇ ಪೈಪಿನ ತುಂಡು ಇಟ್ಟಿರುತ್ತಾರೆ. ಅವುಗಳಲ್ಲಿ ಮಣ್ಣು, ಕಸ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ಸಲಾಕೆ ಹಾಕಿ ತಿವಿದು ಬಿಡಿಸುವುದು ನಮ್ಮ ಮನೆಯವರ ಕೆಲಸ. ಮಳೆ ನಿಂತ ಮೇಲೆ ಗುಡ್ಡದ ಕೆಂಪು ನೀರು ಒಂದೊಂದು ತೂತಿನಿಂದ ಸುರಿಯುವುದನ್ನು ನೋಡಿ ನಾನು, “ಗ್ವಾಡಿ ಉಚ್ಚಿ ಹೊಯ್ಯಾಕತ್ತೇತಿ” ಎಂದರೆ ನೆಗೆಣ್ಣಿಗೆ ಸಿಟ್ಟು.

“ದೇವರು ಇರೂ ಜಾಗಾಕ ಹಂಗ ಅಂತಾರೇನ? ಬಾಯಿ ತೊಳಕೋ ಮೊದಲ.”

“ದೇವರು ಬರೂಕಿಂತ ಮೊದಲ ನೀರ ಬರತಿತ್ತಲ್ಲಬೇ ಯಕ್ಕಾ.”

ದೇವರು ಬಂದ ಬಗೆ ಹೀಗೆ. ಮೇಲಿನ ತಿರುವಿನಲ್ಲಿ ಒಂದು ದೊಡ್ಡ ಹುತ್ತ ಇತ್ತು. ನಾನು ಮದುವೆಯಾಗಿ ಬರುವ ಮೊದಲಿನಿಂದ ಇತ್ತು. ನಾಗರ ಪಂಚಮಿಗೆ ಊರಿನ ಹೆಣ್ಣುಮಕ್ಕಳೆಲ್ಲ ಹಾಲು, ಜೋಳದ ಅರಳು, ತಂಬಿಟ್ಟು, ಅರಿಷಿಣ ಹಚ್ಚಿದ ಹಂಗನೂಲು ತೆಗೆದುಕೊಂಡು ಅಲ್ಲಿಗೇ ಹೋಗುತ್ತಿದ್ದೆವು. ರಸ್ತೆ ಅಗಲ ಮಾಡಿದಾಗ ಆ ಹುತ್ತ ಹೋಯಿತು. ಜೆಸಿಬಿಯ ಡ್ರೈವರ್ ಮೊದಲು ಒಲ್ಲೆ ಎಂದ. ಊರಿನವರೇ ಕಾಯಿ ಒಡೆದು, ಕೈ ಮುಗಿದು, ತಪ್ಪಾಯಿತು ಎಂದು ನೆಲಕ್ಕೆ ಹಣೆ ಹಚ್ಚಿದ ಮೇಲೆ ಕಿತ್ತ. ಆಮೇಲೆ ಅಲ್ಲಿ ಗೋಡೆ ಎದ್ದಿತು.

ಮರುವರ್ಷ ಪಂಚಮಿಗೆ ಹೆಣ್ಣುಮಕ್ಕಳು ಹಾಲಿನ ಗಿಂಡಿ ಹಿಡಿದು ಗೋಡೆಯ ಮುಂದೆ ನಿಂತರು. ಎಲ್ಲಿ ಹಾಲು ಹಾಕುವುದು? ಕೆಳಗಿನ ಸಾಲಿನ ಒಂದು ತೂತಿನಲ್ಲಿ ಹಾವಿನ ಬಾಲ ಹೋದದ್ದನ್ನು ಕಂಡೆ ಎಂದು ಒಬ್ಬ ಮುದುಕಿ ಹೇಳಿದಳು. ಸುಳ್ಳಿರಲಿಕ್ಕಿಲ್ಲ. ಮನೆ ಕೆಡವಿದರೆ ಹಾವು ಬೇರೆ ಮನೆ ಹುಡುಕುತ್ತದೆ, ಅದರಲ್ಲಿ ದೊಡ್ಡದೇನಿದೆ? ಅಂದಿನಿಂದ ಹಾಲು ಆ ತೂತಿಗೆ. ನಮ್ಮ ಕಡೆ ಹಾಲು ಹಾಕುವಾಗ ಒಬ್ಬೊಬ್ಬರ ಪಾಲು ಹೇಳಿ ಹಾಕುತ್ತಾರೆ: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಹೀಗೆ ಮನೆಯಲ್ಲಿ ಇರುವವರದ್ದೆಲ್ಲ. ನೆಗೆಣ್ಣಿ ಎಲ್ಲರ ಪಾಲು ಮುಗಿದ ಮೇಲೆ ಗಿಂಡಿಯಲ್ಲಿ ಸ್ವಲ್ಪ ಉಳಿಸಿ, ದನಿ ಇಳಿಸಿ, “ಹುಟ್ಟೂ ಮೊಮ್ಮಗನ ಪಾಲು” ಎಂದು ಹಾಕುತ್ತಿದ್ದಳು. ಮಗಳಿಗೆ ಮಕ್ಕಳಿರಲಿಲ್ಲ. ಒಮ್ಮೆ ಬಸಿರು ನಿಂತು, ಹೋಗಿತ್ತು.

ಆಮೇಲೆ ಒಂದು ದಿನ ಆ ತಿರುವಿನಲ್ಲಿ ನಾಗರಹಾವು ಲಾರಿಯ ಗಾಲಿಗೆ ಸಿಕ್ಕಿತು. ಬೆಳಿಗ್ಗೆ ಕೆಲಸಕ್ಕೆ ಹೋದ ನಾವೇ ನೋಡಿದೆವು. ಡಾಂಬರಿಗೆ ಅಂಟಿಕೊಂಡಿತ್ತು. ನಮ್ಮ ಮನೆಯವರು ಅದನ್ನು ಸಲಿಕೆಯಿಂದ ಮೆಲ್ಲಗೆ ಬಿಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಮೈಮೇಲೆ ಹಾಲು ಬಿಟ್ಟು, ಕಟ್ಟಿಗೆ ಒಟ್ಟಿ ಸುಟ್ಟರು. ಮನುಷ್ಯರಿಗೆ ಮಾಡಿದಷ್ಟೇ ಮರ್ಯಾದೆಯಿಂದ ಮಾಡಿದರು. ಅದೇ ವಾರ ಸೂಡಿಯಿಂದ ಫೋನು ಬಂತು. ಮಗಳಿಗೆ ಮತ್ತೆ ನಿಂತಿದ್ದು ಹೋಗಿತ್ತು.

ಹಾವಿಗೂ ಹೊಟ್ಟೆಗೂ ಏನು ಸಂಬಂಧ ಎಂದು ನಾನು ಕೇಳಿದೆ. ಅಷ್ಟು ಮಾತಿನ ನೆಗೆಣ್ಣಿ ಹದಿನೈದು ದಿನ ಬಾಯಿ ಹೊಲಿದುಕೊಂಡಂತೆ ಇದ್ದಳು. ಆಮೇಲೆ ನಮ್ಮ ಮನೆಯವರ ಮುಂದೆ ಬಂದು ಕೂತಳು.

“ನೀ ನನ್ನ ಮೈದುನಲ್ಲ, ಮಗ ಇದ್ಹಂಗ. ಒಂದು ಕೇಳ್ತೀನಿ, ಇಲ್ಲ ಅನಬ್ಯಾಡ.”

“ಏನ ವೈನಿ, ಹೇಳ್ರಿ.”

“ಅಲ್ಲಿ ಇನ್ನೂ ಅದಾವ. ಅದರ ಮರಿ, ಬಳಗ. ಮತ್ತ ಒಂದು ರಸ್ತಾಕ ಬಂದು ಸತ್ತರ ನನ್ನ ಮಗಳ ಒಡಲ ತುಂಬೂದಿಲ್ಲ. ಹಾಲ ಹಾಕೂದೊಂದು ಬಿಟ್ಟು ಕೆಳಗಿನ ಸಾಲು ಮುಚ್ಚಿಬಿಡಪಾ. ಒಳಗ ತಣ್ಣಗ ಇರ್ಲಿ ಅವು.”

ಅವರು ಮುಚ್ಚಿದರು. ತೂತು ಬಿಡಿಸುವ ಕೆಲಸದವರೇ ತೂತು ಮುಚ್ಚಿದರು. ಸಣ್ಣ ಕಲ್ಲು ಜಡಿದು, ಬೇರೆ ಕಡೆಯ ಹುತ್ತದ ಮಣ್ಣು ತಂದು ಮೆತ್ತಿ, ಮೇಲೆ ಯಾರದೋ ಮನೆ ಕಟ್ಟಿ ಉಳಿದಿದ್ದ ಸಿಮೆಂಟು ಸವರಿದರು. ಊರಿನ ಹೆಣ್ಣುಮಕ್ಕಳು ಅದರ ಮೇಲೆ ಕುಂಕುಮ ಹಚ್ಚಿದರು. ನಾನು ಬುಟ್ಟಿ ಕೆಳಗಿಟ್ಟು ನೋಡುತ್ತ ನಿಂತಿದ್ದೆ. ನಾನು ಹೊಳೆಮಣ್ಣೂರಿನ ಮಗಳು. ಹೊಳೆ ಮನೆಯೊಳಗೆ ಬರುವುದನ್ನು, ಒದ್ದೆಯಾದ ಗೋಡೆ ಕೂತುಬಿಡುವುದನ್ನು ಕಂಡವಳು.

“ಗುಡ್ಡದಾಗಿನ ನೀರು ಎಲ್ಲಿಂದ ಬರಬೇಕ್ರಿ ಇನ್ನ?” ಎಂದೆ.

“ಮ್ಯಾಲಿನ ಸಾಲು ಅದಾವಲ್ಲ.”

“ನೀರು ಮ್ಯಾಲ ಹತ್ತತೈತೇನು?”

“ಇಲ್ಲಿ ಮಳಿ ಎಲ್ಲೈತಿ ನಿಂದು! ಮೋಡ ನೋಡಿ ಏಸ ವರ್ಷ ಆತು. ನಿಮ್ಮ ಹೊಳಿಮಣ್ಣೂರ ಅಂತ ತಿಳಿದಿಯೇನ ಇದನ್ನ?”

ಅದೂ ಖರೆಯೇ. ನಮ್ಮ ಕಡೆ ಮುಂಗಾರು ಮಳೆ ಬಂದರೆ ಬಂತು, ಇಲ್ಲದಿದ್ದರೆ ಗಾಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತ ಆಷಾಢ ಕಳೆಯುತ್ತದೆ. ನಾನು ಬುಟ್ಟಿ ಎತ್ತಿಕೊಂಡೆ.

ಮಗಳಿಗೆ ಮತ್ತೆ ನಿಂತಿತು. ಈ ಸಲ ನಿಂತದ್ದು ಉಳಿಯಿತು. ಮೂರು ತಿಂಗಳು ದಾಟಿತು, ನಾಲ್ಕು ದಾಟಿತು. ನೆಗೆಣ್ಣಿ ಪ್ರತಿ ಸೋಮವಾರ ಕೆಲಸಕ್ಕೆ ಬರುವಾಗ ಒಂದು ಲೋಟ ಹಾಲು ತಂದು ಆ ತೂತಿಗೆ ಹಾಕುತ್ತಿದ್ದಳು. ಅವಳ ಮುಖ ತಿಳಿಯಾಗಿತ್ತು. ಬಸ್ಸಿನವರ ಸಂಗಡ ಮತ್ತೆ ಚೇಷ್ಟೆ ಶುರುವಾಗಿತ್ತು. ನನಗೂ ಸಮಾಧಾನ. ಹಾವಿನಿಂದಾದರೇನು, ದವಾಖಾನೆಯ ಗುಳಿಗೆಯಿಂದಾದರೇನು, ಹೊಟ್ಟೆ ನಿಂತರೆ ಸಾಕು.

ಬೇಸಿಗೆಯಲ್ಲಿ ರಸ್ತೆಯ ಹೊಸ ಇಂಜಿನಿಯರ್ ಬಂದರು. ಸಣ್ಣ ವಯಸ್ಸಿನ ಹೆಣ್ಣುಮಗಳು, ಮನೆ ನರಗುಂದದ ಕಡೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸ್ಕೂಟಿಯಲ್ಲಿ ಬರುತ್ತಿದ್ದರು. ಗೋಡೆಗಳಿಗೆಲ್ಲ ಕೆಂಪು ಬಣ್ಣದಲ್ಲಿ ನಂಬರು ಬರೆಸಿದರು. ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಮೇಲಿನಿಂದ ಇಳಿಬಿಟ್ಟು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಿದರು. ಮೇಲಿನ ತಿರುವಿನ ಗೋಡೆಯ ಮುಂದೆ ಭಾಳ ಹೊತ್ತು ನಿಂತರು. ಅಲ್ಲಿ ಒಂದು ಬಿರುಕು ಇತ್ತು. ಅದರ ಮೇಲೆ ಅಡ್ಡಲಾಗಿ ಸಿಮೆಂಟಿನ ತೆಳು ಪಟ್ಟಿ ಹಾಕಿಸಿದರು.

“ಕಾಕಾ, ಗ್ವಾಡಿ ಸರದರ ಈ ಪಟ್ಟಿ ಒಡೀತೈತಿ. ಒಡದ ದಿನ ನಂಗ ಫೋನ್ ಮಾಡ್ರಿ. ಮತ್ತ ಈ ಕೆಳಗಿನ ಸಾಲು ಯಾಕ ಮುಚ್ಯಾವ?”

ನಮ್ಮ ಮನೆಯವರು ತಲೆ ತುರಿಸಿಕೊಂಡರು. “ಹಾವ ಬರ್ತಾವ್ರಿ ಮೇಡಂ ರಸ್ತಾಕ. ಗಾಡಿಗಿ ಸಿಗತಾವ್ರಿ.”

ಆಕೆ ನಗಲಿಲ್ಲ, ಬೈಯಲಿಲ್ಲ. ಕುಂಕುಮ ನೋಡಿ ಚಪ್ಪಲಿ ಬಿಟ್ಟು ಹತ್ತಿರ ಹೋದರು. “ಜಾಳಗಿ ಕಳಸ್ತೀನಿ ಕಾಕಾ. ತೂತು ತಗದು ಬಾಯಿಗಿ ಜಾಳಗಿ ಬಡೀರಿ. ನೀರ ಬರ್ಲಿ, ಹಾವ ಬರೂದ ಬ್ಯಾಡ. ಮಳಿ ಹತ್ತೂದ್ರೊಳಗ ಆಗಬೇಕ ನೋಡ್ರಿ. ಮುಚ್ಚಿದ್ರ ನೀರಿನ ಭಾರ ಪೂರಾ ಗ್ವಾಡಿ ಮ್ಯಾಲ ಬೀಳತೈತಿ.”

“ಹೌದ್ರಿ. ಮಾಡ್ತೀನ್ರಿ.”

ಇದಕ್ಕಿಂತ ಚಲೋ ಮಾತು ಯಾರು ಹೇಳುತ್ತಾರೆ? ತಂತಿಯ ಜಾಳಿಗೆ ನಮ್ಮ ಮನೆಗೆ ಬಂತು. ಅಂದು ಸಂಜೆ ಅವರು ಸಲಾಕೆ, ಸುತ್ತಿಗೆ ಹೊರಗೆ ತೆಗೆದಿಟ್ಟರು. ನೆಗೆಣ್ಣಿ ಅದನ್ನು ನೋಡಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ಬಸರಿ ಇದ್ದ ಮನಿಯವರು ಹುತ್ತ ಅಗೀತಾರೇನಪಾ? ಯಾರರ ಕೇಳು ಬೇಕಾರ.”

“ಹುತ್ತ ಅಲ್ಲ ವೈನಿ, ಗ್ವಾಡಿ ಅದು.”

“ನಿನಗ ಗ್ವಾಡಿ, ನನಗ ಹುತ್ತ. ಅಕಿ ಹೊಟ್ಟಿ ಹಗರ ಆಗೂತನಕ ತಡಿ. ಆಮ್ಯಾಲ ನಾನ ಬರ್ತೀನಿ ನಿನ್ನ ಕೂಡ, ನಾನ ಕಲ್ಲ ತಗೀತೀನಿ. ಈ ಸಲ ಹೋದ್ರ ನನ್ನ ಮಗಳ ಉಳಿಯೂದಿಲ್ಲಪಾ. ಡಾಕ್ಟರಬಾಯಿ ಬಾಯಿಬಿಟ್ಟು ಹೇಳ್ಯಾಳ.”

ಡಾಕ್ಟರು ಹಾಗೆ ಹೇಳಿದ್ದು ಸುಳ್ಳಲ್ಲ. ರಕ್ತ ಇಲ್ಲದ ಹುಡುಗಿ, ಮತ್ತೊಮ್ಮೆ ಹಾಗಾದರೆ ತಾಯಿಗೇ ಕುತ್ತು ಎಂದಿದ್ದರು. ನಮ್ಮ ಮನೆಯವರು ನನ್ನ ಮುಖ ನೋಡಿದರು.

“ನನ್ನ ಮಾರಿ ಏನ ನೋಡ್ತೀರಿ? ಮೇಡಂ ಹೇಳ್ಯಾರ. ತಗೀರಿ,” ಎಂದೆ.

“ನಿನ್ನ ಎದಿ ಕಲ್ಲು ನೋಡು,” ಎಂದಳು ನೆಗೆಣ್ಣಿ.

“ಕಲ್ಲೋ ಮಣ್ಣೋ. ನೀರಿಗಿ ಬಸರಿ ಗೊತ್ತಿಲ್ಲ, ಬಾಣಂತಿ ಗೊತ್ತಿಲ್ಲ.”

ಅವರು ಸುತ್ತಿಗೆಯನ್ನು ಒಳಗೆ ಇಟ್ಟರು. “ಹೆರಿಗಿ ಆಗ್ಲಿ. ದಸರೆದ ಹೊತ್ತಿಗಿ ಆಗತೈತಿ. ಅಲ್ಲೀತನ ಎಲ್ಲಿ ಮಳಿ?” ಎಂದರು. ಬೇರೆ ಗೋಡೆಗಳ ತೂತುಗಳನ್ನೆಲ್ಲ ಬಿಡಿಸಿದರು. ಗುಡ್ಡದ ನೆತ್ತಿಯ ಗಟಾರ ಬಳಿದರು. ಮೇಡಂ ಫೋನಿನಲ್ಲಿ ಕೇಳಿದಾಗ “ಆಗೇತ್ರಿ” ಎಂದರು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ಫೋನು ಇಟ್ಟ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಮಿರಗ ಒಣಗಿತು. ಆಮೇಲಿನ ಮಳೆಗಳೂ ಅಷ್ಟೇ, ಮಣ್ಣು ವಾಸನೆ ಬರುವಷ್ಟು. ಶ್ರಾವಣದಲ್ಲಿ ಮಗಳು ಪಂಚಮಿಗೆ ಬಂದಳು, ಹೆರಿಗೆಗೆ ಇಲ್ಲೇ ಉಳಿದಳು. ಏಳು ತಿಂಗಳ ಹೊಟ್ಟೆ ಹೊತ್ತು ತಿರುವಿನವರೆಗೆ ನಡೆದು ಬಂದು ತಾನೇ ಹಾಲು ಹಾಕಿದಳು. “ಕೂಸಿನ ಪಾಲು” ಎನ್ನುವಾಗ ನಾಚಿಕೊಂಡಳು. ನಮ್ಮ ಮನೆಯವರು ಆಚೆ ನಿಂತು ಲಾರಿಗಳನ್ನು ನಿಧಾನ ಮಾಡಿಸುತ್ತಿದ್ದರು. ಒಂದು ಎಳ್ಳಿನ ಉಂಡೆ ಬಾಯಿಗೆ ಹಾಕಿಕೊಂಡು ಮತ್ತೊಂದಕ್ಕೆ ಕೈ ಚಾಚಿದರು. ಅದು ಅವರು ಮಾಡಿದ ಕೊನೆಯ ಪಂಚಮಿ.

ದಸರೆಗೆ ಮೊದಲೇ ಉತ್ತರೆ ಮಳೆ ಹಿಡಿಯಿತು. ಅಂಥ ಮಳೆ ನಾನು ಈ ಗುಡ್ಡದಲ್ಲಿ ನೋಡಿರಲಿಲ್ಲ. ಎರೆಹೊಲದಲ್ಲಿ ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಹೊಳೆ ತುಂಬಿತು, ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂತು ಎಂದು ಸುದ್ದಿ. ಮಳೆಯಲ್ಲಿ ಕೆಲಸವಿಲ್ಲ, ಆದರೂ ಅವರು ಗೋಣಿಚೀಲ ತಲೆಗೆ ಹಾಕಿಕೊಂಡು ದಿನಾ ಗುಡ್ಡಕ್ಕೆ ಹೋಗಿ ಬರುತ್ತಿದ್ದರು. ರೊಟ್ಟಿ ಮುರಿದು ಅರ್ಧ ಬಿಡುತ್ತಿದ್ದರು. ಒಂದು ದಿನ ಮಧ್ಯಾಹ್ನ ಓಡುತ್ತ ಬಂದರು.

“ಪಟ್ಟಿ ಒಡದೈತಿ.”

ಮೇಡಂಗೆ ಫೋನು ಮಾಡಿದರು. ಆಕೆ ಕೊಣ್ಣೂರಿನ ಸೇತುವೆಯ ಬಳಿ ಇದ್ದರು, ಅಲ್ಲಿಯೂ ಬಸ್ಸು ನಿಲ್ಲಿಸುವ ಗದ್ದಲ. ಫೋನಿನಲ್ಲಿ ಅವರ ದನಿ ನನಗೂ ಕೇಳಿಸಿತು. “ಕಾಕಾ, ಎರಡೂ ಕಡಿ ರಸ್ತಾ ಬಂದ ಮಾಡ್ರಿ. ಗಜೇಂದ್ರಗಡದಿಂದ ಮಂದಿ ಕಳಸ್ತೀನಿ. ನೀವು ಗ್ವಾಡಿ ಹತ್ರ ಹೋಗಬ್ಯಾಡ್ರಿ. ಕೇಳಸ್ತೇನ್ರಿ? ಹತ್ರ ಹೋಗಬ್ಯಾಡ್ರಿ.”

“ಹೂನ್ರಿ,” ಎಂದರು.

ಅವರ ಸಂಗಡ ನಾನು, ನೆಗೆಣ್ಣಿಯ ಗಂಡನಾದ ನನ್ನ ಭಾವ, ಊರಿನ ನಾಲ್ಕಾರು ಮಂದಿ ಹೋದೆವು. ನೆಗೆಣ್ಣಿ ತುಂಬಿದ ಬಸುರಿಯನ್ನು ಬಿಟ್ಟು ಬರಲಾಗದೆ ಮನೆಯಲ್ಲೇ ಉಳಿದಳು. ತಿರುವಿನ ಕೆಳಗೆ ಭಾವ, ಮೇಲೆ ನಾನು. ಕಲ್ಲು, ಜಾಲಿಯ ಕಂಟಿ ರಸ್ತೆಗೆ ಅಡ್ಡ ಹಾಕಿದೆವು. ಒಂದು ಬಸ್ಸು, ಎರಡು ಟಂಟಂ ಗಾಡಿ ಬಂದು ನಿಂತವು. ಗೋಡೆಗೆ ಕೆನ್ನೆ ಹಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ನಿಂತಲ್ಲಿಂದಲೇ ಹೊಟ್ಟೆ ಕಾಣುತ್ತಿತ್ತು. ಮೇಲಿನ ಸಾಲಿನ ತೂತುಗಳಿಂದ ನೀರು ದೂರಕ್ಕೆ ಚಿಮ್ಮುತ್ತಿತ್ತು. ಕೆಳಗಿನ ಸಾಲಿನಲ್ಲಿ ಹಾಲಿನ ತೂತೊಂದು ಬಿಟ್ಟು ಉಳಿದವೆಲ್ಲ ಒಣಮುಖ ಮಾಡಿಕೊಂಡು ಕೂತಿದ್ದವು. ಮಳೆಗೆ ಕುಂಕುಮ ಕರಗಿ ಇಳಿಯುತ್ತಿತ್ತು.

ರಸ್ತೆ ಬಂದಾಗಿತ್ತು. ಇಷ್ಟಕ್ಕೆ ಬಿಟ್ಟಿದ್ದರೆ ಗೋಡೆ ಮಾತ್ರ ಹೋಗುತ್ತಿತ್ತು. ಕಲ್ಲಿನ ಗೋಡೆ, ಹೋದರೆ ಮತ್ತೆ ಕಟ್ಟುತ್ತಾರೆ. ಆದರೆ ಅವರು ಸಲಾಕೆ ತೆಗೆದುಕೊಂಡು ತಿರುವಿಗೆ ನಡೆದರು.

ನಾನು ಕೂಗಿದೆ. “ಏನ್ರಿ! ಬರ್ರಿ ಈ ಕಡೆ! ಮೇಡಂ ಬ್ಯಾಡ ಅಂದಾರ!”

ತಿರುಗದೆಯೇ ಕೈ ಎತ್ತಿ, ತಡಿ ಎಂಬಂತೆ ಮಾಡಿದರು. ಬಸ್ಸಿನವರೂ ಕೂಗಿದರು. ಅವರು ಬಗ್ಗಿ, ತಾವೇ ಮೆತ್ತಿದ ಸಿಮೆಂಟಿಗೆ ಸಲಾಕೆ ಹಾಕಿ ಮೀಟಿದರು. ಮೊದಲನೆಯದು ಬಿಚ್ಚಿಕೊಂಡಿತು. ಕೆಂಪು ನೀರು ಅವರ ಎದೆಗೆ ಬಡಿಯಿತು, ಹಿಂದಕ್ಕೆ ಸರಿದರು. ಮತ್ತೆ ಹೋದರು. ಇನ್ನೊಂದು ತೆಗೆದರು. ಮತ್ತೊಂದಕ್ಕೆ ಸಲಾಕೆ ಹಾಕಿದ್ದರು.

ಗೋಡೆ ಬೀಳಲಿಲ್ಲ, ಕೂತಿತು. ಮುದುಕರು ಮೊಣಕಾಲು ಸೋತು ಕೂತಂತೆ ಕೂತಿತು, ಅದರ ಹಿಂದೆ ಗುಡ್ಡ ಬಂತು. ಸಪ್ಪಳ ಆಮೇಲೆ ಕೇಳಿಸಿತು. ಗೋಡೆ ಇದ್ದಲ್ಲಿ ಕೆಸರು ಇತ್ತು, ಅವರು ಇದ್ದಲ್ಲಿಯೂ ಕೆಸರು ಇತ್ತು.

ಗಜೇಂದ್ರಗಡದಿಂದ ಜೆಸಿಬಿ ಬಂತು, ಹೊತ್ತು ಮುಳುಗುವ ಮುಂಚೆ ಅವರನ್ನು ಹೊರಗೆ ತೆಗೆದರು. ನಾನು ಅಲ್ಲೇ ನಿಂತಿದ್ದೆ. ಮನೆಗೆ ಹೋಗು ಎಂದವರಿಗೆ, ಮನೆಯಲ್ಲಿ ಏನಿದೆ ಎಂದೆ. ಮಣ್ಣು ತೆಗೆಯುವಾಗ ಹಂಗನೂಲಿನ ಎಳೆಗಳು, ತೆಂಗಿನ ಕರಟ ಬಂದವು. ಹಾವು ಇರಲಿಲ್ಲ. ನಾನು ಕಣ್ಣಿಟ್ಟು ನೋಡುತ್ತಲೇ ಇದ್ದೆ. ಸತ್ತದ್ದೂ ಇಲ್ಲ, ಬದುಕಿದ್ದೂ ಇಲ್ಲ. ಯಾವಾಗ ಬಿಟ್ಟು ಹೋಗಿದ್ದವೋ.

ಮರುದಿನ ಮಣ್ಣು ಕೊಟ್ಟೆವು. ನನ್ನ ಬಳೆ ತೆಗೆಯುವಾಗ ನೆಗೆಣ್ಣಿ ಅಂಗಳದಲ್ಲಿ ಕಲ್ಲಿಗೆ ಹಣೆ ಚಚ್ಚಿಕೊಂಡಳು. ನಾಲ್ಕು ಜನ ಹಿಡಿದರು. “ನನ್ನಿಂದ ಹೋದ, ನನ್ನಿಂದ ಹೋದ,” ಎನ್ನುತ್ತಿದ್ದಳು. ಬಂದ ಮಂದಿಯೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು, ನಾನು ಏನು ಅನ್ನುತ್ತೇನೆ ಎಂದು. ನಾನು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಹೌದು ಎಂದರೆ ಅವಳು ಸಾಯುತ್ತಿದ್ದಳು. ಅಲ್ಲ ಎಂದರೆ ಸುಳ್ಳಾಗುತ್ತಿತ್ತು.

ಆ ಗದ್ದಲದಲ್ಲೇ ಮಗಳಿಗೆ ಹೆರಿಗೆಯ ಬ್ಯಾನಿ ಹತ್ತಿತು. ಗಜೇಂದ್ರಗಡದ ದವಾಖಾನೆಗೆ ಒಯ್ದರು. ಗಂಡು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ಮನೆಗೆ ಕರೆತಂದಾಗ ನೆಗೆಣ್ಣಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಊಟ ಬಿಟ್ಟಿದ್ದಳು. ಕೂಸನ್ನು ಮುಟ್ಟಲು ಒಲ್ಲೆ ಎಂದಳು.

ನಾನು ಹೋಗಿ ಕಾಲಿನಿಂದ ಅವಳ ಹಾಸಿಗೆ ಸರಿಸಿದೆ. “ಏಳ್ ಯಕ್ಕಾ. ಬಾಣಂತಿಗಿ ನೀರ ಹಾಕವರು ಯಾರು? ನಾ ಹಾಕ್ಲೇನು? ರಂಡಿಮುಂಡಿ ಕೈಲೆ ಹಾಕಸ್ಕೋತೀರೇನು?”

“ನಿನ್ನ ಮಾರಿ ಹ್ಯಾಂಗ ನೋಡ್ಲಿ?”

“ನೋಡಬ್ಯಾಡ. ಕೂಸಿನ ಮಾರಿ ನೋಡು. ಅದಕ್ಕಂತನ ಕೇಳ್ಕೊಂಡಿದ್ದಿ, ಹೌದಿಲ್ಲೊ?”

ಅವಳು ಎದ್ದಳು. ನಾನು ಮಾತನಾಡಿದ್ದು ಒಳ್ಳೆಯದಕ್ಕಲ್ಲ, ಸಿಟ್ಟಿಗೆ. ಆದರೂ ಎದ್ದಳು. ಕಡೆಗೆ ಬಾಣಂತನವನ್ನು ಇಬ್ಬರೂ ಕೂಡಿಯೇ ಮಾಡಿದೆವು. ಅವಳು ನೀರು ಹಾಕಿದಳು, ನಾನು ನೀರು ಕಾಯಿಸಿದೆ. ಅವಳು ಕೂಸಿಗೆ ಎಣ್ಣೆ ತಿಕ್ಕಿದಳು, ನಾನು ಅಳವಿ ಕಾಳಿನ ಪಾಯಸ ಮಾಡಿದೆ. ಕೆಲ ದಿನ ಒಬ್ಬರಿಗೊಬ್ಬರು ಕೂಸಿನ ಮೂಲಕವೇ ಮಾತನಾಡಿದೆವು. “ನಿಮ್ಮ ಸಣ್ಣಾಯಿಗಿ ಉಣ್ಣು ಅನ್ನಪಾ” ಎಂದು ಅವಳು ಕೂಸಿಗೆ ಹೇಳುತ್ತಿದ್ದಳು. ನಾನು ಉಣ್ಣುತ್ತಿದ್ದೆ.

ಮೇಡಂ ಮನೆಗೆ ಬಂದಿದ್ದರು. ಚಾಪೆಯ ಮೇಲೆ ಕೂತು ಅತ್ತರು. “ಹತ್ರ ಹೋಗಬ್ಯಾಡ್ರಿ ಅಂತ ಹೇಳಿದ್ನಲ್ಲ ಅಮ್ಮಾ.” “ಹೇಳಿದ್ರಿ, ನಾನೂ ಕೇಳೀನಿ,” ಎಂದೆ. ಚಹಾ ಕೊಟ್ಟೆ. ಈಗ ಆ ತಿರುವಿನಲ್ಲಿ ತಂತಿಯ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ಒಂದರ ಮೇಲೊಂದು ಇಟ್ಟಿದ್ದಾರೆ. ನೀರು ಬೇಕಾದಲ್ಲಿಂದ ಬರುತ್ತದೆ. ಮುಚ್ಚಬೇಕೆಂದರೂ ತೂತು ಎಂಬುದೇ ಅದರಲ್ಲಿ ಇಲ್ಲ.

ತೊಟ್ಟಿಲಿಗೆ ಹಾಕುವ ದಿನ ಭಾವ ಕೂಸಿಗೆ ತಮ್ಮನ ಹೆಸರು ಇಡೋಣ ಎಂದರು. ನಮ್ಮ ಕಡೆ ತೀರಿಹೋದ ಹಿರಿಯರ ಹೆಸರು ಇಡುತ್ತಾರೆ. ಸೂಡಿಯ ಬೀಗರೂ ಒಪ್ಪಿದರು. ನಾನು ಬೇಡ ಎಂದೆ. ಗಂಡನ ಹೆಸರು ಹೇಳದೆ ಬಾಳಿದವಳು ನಾನು. ಗ್ಯಾಂಗಿನ ಹಾಜರಿ ಕೂಗುವಾಗ ಅವರು ಎಲ್ಲಾದರೂ ಹೋಗಿದ್ದರೆ “ನಮ್ಮ ಮನಿಯವರು ಅಲ್ಲಿ ಅದಾರ್ರಿ” ಎನ್ನುತ್ತಿದ್ದೆ.

“ಆ ಕೂಸಿನ್ನ ನಾ ಏನಂತ ಕರೀಲಿ? ದಿನಾ ನೀವು ಆ ಹೆಸರು ಕೂಗತೀರಿ, ನಾ ಕೇಳ್ಕೋತ ಕುಂದರಲೇನು?”

ನೆಗೆಣ್ಣಿ ನನ್ನ ಸೆರಗು ಹಿಡಿದಳು. “ಇದೊಂದ ಕೇಳು, ಯವ್ವಾ. ಇದೊಂದ.” ಅವಳು ಹಿಂದೆ ಕೇಳಿದ್ದೂ ಒಂದೇ, ಅದೂ ನನ್ನನ್ನಲ್ಲ. ನಾನು ಒಳಗೆ ಹೋದೆ. ಹೊರಗೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು.

ಬಾಣಂತನ ಮುಗಿಸಿ ಮಗಳು ಸೂಡಿಗೆ ಹೋದಳು. ಮರುವರ್ಷ ಪಂಚಮಿಗೆ ತವರಿಗೆ ಬಂದಾಗ ಹುಡುಗ ಏನಾದರೂ ಹಿಡಿದುಕೊಂಡು ನಿಲ್ಲುತ್ತಿದ್ದ. ನೆಗೆಣ್ಣಿ ಈ ಸಲ ಗುಡ್ಡಕ್ಕೆ ಹೋಗಲಿಲ್ಲ, ಮನೆಯಲ್ಲೇ ಮಣ್ಣಿನ ನಾಗಪ್ಪನನ್ನು ಮಾಡಿ ಎರಡು ಹನಿ ಹಾಲು ಹಾಕಿ ಎದ್ದಳು. ಎಲ್ಲರೂ ಹುಡುಗನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಾನು ಇದ್ದಲ್ಲಿ ನೆಗೆಣ್ಣಿ ದನಿ ಸಣ್ಣದು ಮಾಡುತ್ತಿದ್ದಳು. ನಾನು “ಏ ಕೂಸ” ಎನ್ನುತ್ತಿದ್ದೆ, ಅದಕ್ಕೂ ಅವನು ನಗುತ್ತಿದ್ದ.

ಹಬ್ಬದ ಮರುದಿನ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಬಚ್ಚಲ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ತಲೆ ಎತ್ತಿದಾಗ ಹುಡುಗ ಒಲೆಯ ಕಟ್ಟೆ ಹಿಡಿದು ನಿಂತು ಉರಿಯುವ ಕೊಳ್ಳಿಗೆ ಕೈ ಚಾಚಿದ್ದ. ನಾನು ಕೂಗಿದೆ. ಬಾಯಿಂದ ಬಂದದ್ದು ಹೆಸರು.

ಹುಡುಗ ತಿರುಗಲಿಲ್ಲ. ನನ್ನ ದನಿಯಲ್ಲಿ ಆ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ. ನಾನೇ ಓಡಿ ರಟ್ಟೆ ಹಿಡಿದು ಎಳೆದೆ. ಅಳತೊಡಗಿದ.

ನೆಗೆಣ್ಣಿ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು.

“ಅಂದಿ,” ಎಂದಳು.

“ಅಂದೆ. ಕೈ ಸುಟ್ಕೊಳ್ಳಲಿ ಅಂತ ಬಿಡ್ಲೇನು?”

ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡು ಅತ್ತಳು. ಒಂದಷ್ಟು ಹೊತ್ತಾದ ಮೇಲೆ, “ಇನ್ನೊಮ್ಮೆ ಅನ್ನು, ಯವ್ವಾ,” ಎಂದಳು.

ನಾನು ಅನ್ನಲಿಲ್ಲ. ಹುಡುಗನ ಅಂಗಾಲಿಗೆ ಬೂದಿ ಹತ್ತಿತ್ತು. ಸೆರಗಿನಿಂದ ಒರೆಸಿ, ಅವನನ್ನು ಅವಳ ತೊಡೆಯ ಮೇಲೆ ಇಟ್ಟು, ಉಳಿದ ಪಾತ್ರೆ ತಿಕ್ಕಲು ಹೋದೆ.